ಮೈಲುತುತ್ತಿಗಿಂತ ಮೊದಲು ನೀರನ್ನು ನೋಡಿ

ಅಡಿಕೆಗೆ ಮದ್ದು ಬಿಡಲು ತಂದ ಮೈಲುತುತ್ತಿನ (ತಾಮ್ರದ ಸಲ್ಫೇಟ್) ದ್ರಾವಣದಲ್ಲೇ ವಿದ್ಯುತ್ ಹರಿಸಿ, ವಾಹಕ ಗಾಜಿನ ಮೇಲೆ ಕ್ಯೂಪ್ರಸ್ ಆಕ್ಸೈಡ್ ಎಂಬ ಅರೆವಾಹಕದ ತೆಳುಪದರವನ್ನು ಕೂರಿಸುತ್ತಿರುವುದಾಗಿಯೂ, ಮಳೆಗಾಲದಲ್ಲಿ ಸಿಕ್ಕಿದ ಗುಣ ಬೇಸಿಗೆಯಲ್ಲಿ ಸಿಗುತ್ತಿಲ್ಲವೆಂದೂ ಬರೆದು, ಶೇಕಡಾ 99.999 ಶುದ್ಧತೆಯ ಸಾಮಗ್ರಿಯನ್ನು ತರಿಸಬೇಕೇ ಎಂದು ಮಂಜೇಶ್ವರದಿಂದ ಕೇಳಿದ್ದೀರಿ. ದುಡ್ಡು ಸುರಿಯುವ ಮುನ್ನ ಬಾವಿಯ ನೀರನ್ನು ಪರೀಕ್ಷಿಸಿ.

ಉಪ್ಪಳದಲ್ಲಿ ಕಡಲಿಗೆ ಹತ್ತಿರವಿರುವ ನನ್ನ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಎರಡು ಬೇಸಿಗೆ ಮೈಲುತುತ್ತನ್ನೇ ದೂರಿದ ಮೇಲೆ, ಒಂದು ದಿನ ಬಾವಿನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲವನ್ನೂ ಎರಡು ಹನಿ ಸಿಲ್ವರ್ ನೈಟ್ರೇಟ್ ದ್ರಾವಣವನ್ನೂ ಹಾಕಿದೆ. ಪರೀಕ್ಷಾನಳಿಗೆಯ ನೀರು ಅಕ್ಕಿ ತೊಳೆದ ನೀರಿನಂತಾಯಿತು, ಅಂದರೆ ಅದರಲ್ಲಿ ಉಪ್ಪಿನ ಕ್ಲೋರೈಡ್ ಇತ್ತು. ಮಳೆ ನಿಂತು ಬಾವಿ ಇಳಿದಂತೆ ಉಪ್ಪು ಒಳಸೇರುತ್ತಿತ್ತು. ಕ್ಯೂಪ್ರಸ್ ಆಕ್ಸೈಡು ಪಿ-ಬಗೆಯ (ಎಲೆಕ್ಟ್ರಾನುಗಳ ಕೊರತೆಯೇ ವಿದ್ಯುತ್ತನ್ನು ಒಯ್ಯುವ) ಅರೆವಾಹಕವಾಗುವುದು ಅದರ ಹರಳಿನಲ್ಲಿ ತಾಮ್ರದ ಸ್ಥಾನಗಳು ಅಲ್ಲಲ್ಲಿ ಖಾಲಿ ಇರುವುದರಿಂದ. ಕ್ಲೋರಿನ್ ಆಮ್ಲಜನಕದ ಜಾಗದಲ್ಲಿ ಕುಳಿತರೆ ಆ ಗುಣವನ್ನು ಕುಂದಿಸಿ, ಎಲೆಕ್ಟ್ರಾನುಗಳೇ ವಿದ್ಯುತ್ತನ್ನು ಒಯ್ಯುವ ಎನ್-ಬಗೆಯ ಕಡೆಗೆ ಎಳೆಯುತ್ತದೆ. 99.999 ಎಂದರೆ ಒಟ್ಟು ಕಲ್ಮಶ ದಶಲಕ್ಷಕ್ಕೆ 10 ಭಾಗ ಮಾತ್ರ. ಕುಡಿಯುವ ನೀರಿಗೆ ಭಾರತೀಯ ಮಾನಕವು ಸ್ವೀಕಾರಾರ್ಹವೆನ್ನುವ ಕ್ಲೋರೈಡಿನ ಮಿತಿಯೇ ಲೀಟರಿಗೆ 250 ಮಿಲಿಗ್ರಾಂ, ಅಂದರೆ ದಶಲಕ್ಷಕ್ಕೆ ಸುಮಾರು 250 ಭಾಗ, ಅದರ ಇಪ್ಪತ್ತೈದು ಪಟ್ಟು. ಆದ್ದರಿಂದ ದ್ರಾವಣಕ್ಕೆ ಮಾತ್ರವಲ್ಲ, ಗಾಜನ್ನು ಕೊನೆಯ ಸಲ ತೊಳೆಯುವುದಕ್ಕೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೇ ಬಳಸಿ; ಅದನ್ನೂ ಇದೇ ರೀತಿ ಪರೀಕ್ಷಿಸದೆ ನಂಬಬೇಡಿ.

ಇನ್ನು ಮೈಲುತುತ್ತಿನ ಮಾತು. ಕೃಷಿಗೆ ಮಾರುವ ಮಾಲಿನಲ್ಲಿ ಕಬ್ಬಿಣ ಬೆರೆತಿರುವುದು ಸಾಮಾನ್ಯ, ಅದು ಫೆರಸ್ ರೂಪದಲ್ಲಿದ್ದರೆ ಮೈಲುತುತ್ತಿನ ಹರಳಿನೊಳಗೇ ಸೇರಿಕೊಳ್ಳುತ್ತದೆ. ಮೈಲುತುತ್ತಿನ ಬಿಸಿ ದ್ರಾವಣಕ್ಕೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕಬ್ಬಿಣವನ್ನು ಫೆರಿಕ್ ರೂಪಕ್ಕೆ ತಿರುಗಿಸಿ, ಕಾಸ್ಟಿಕ್ ಸೋಡಾದ ಸಪೂರ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ (ಆಮ್ಲೀಯತೆಯ ಅಳತೆ) 4ರ ಹತ್ತಿರಕ್ಕೆ ತಂದರೆ, ಕಬ್ಬಿಣ ಕಂದು ಗಸಿಯಾಗಿ ಕೆಳಗಿಳಿಯುತ್ತದೆ. ಸೋಸಿ, ಒಂದೆರಡು ಹನಿ ಗಂಧಕಾಮ್ಲ ಹಾಕಿ, ನಿಧಾನವಾಗಿ ತಣಿಯಲು ಬಿಡಿ. ಅವಸರದಿಂದ ತಣಿಸಿದರೆ ಹರಳುಗಳು ಕೊಳೆನೀರನ್ನು ಒಳಗೆ ಹಿಡಿದುಕೊಳ್ಳುತ್ತವೆ. ಹರಳುಗಟ್ಟದೆ ಉಳಿದ ನೀರನ್ನು ಆಸೆಪಟ್ಟು ಬತ್ತಿಸಬೇಡಿ, ಕಲ್ಮಶವೆಲ್ಲ ಇರುವುದು ಅಲ್ಲಿಯೇ. ಅಮೆರಿಕದ ಬೆಲ್ ಪ್ರಯೋಗಾಲಯದ ಫಾನ್ 1952ರಲ್ಲಿ ಪ್ರಕಟಿಸಿದ, ಸಲಾಕೆಯ ಒಂದು ಪಟ್ಟಿಯನ್ನಷ್ಟೇ ಕರಗಿಸುತ್ತ ಸಾಗುವ ವಲಯ ಶುದ್ಧೀಕರಣದ ಹಿಂದಿರುವುದೂ, ಗಟ್ಟಿಯಾಗುವ ಭಾಗ ಕಲ್ಮಶವನ್ನು ದ್ರವಕ್ಕೆ ಬಿಟ್ಟುಕೊಡುತ್ತದೆ ಎಂಬ ಇದೇ ತತ್ವ.

ಪದರದಲ್ಲಿ ಹೊಳೆಯುವ ತಾಮ್ರದ ಚುಕ್ಕೆಗಳು ಕಂಡರೆ ಅದು ಬೇರೆ ತೊಂದರೆ: ವೋಲ್ಟೇಜ್ ಹೆಚ್ಚಾಗಿ, ಆಕ್ಸೈಡಿನ ಜೊತೆಗೆ ಲೋಹವೂ ಕೂರುತ್ತಿದೆ. ವೋಲ್ಟೇಜನ್ನು ತಗ್ಗಿಸಿ, ಲ್ಯಾಕ್ಟಿಕ್ ಆಮ್ಲ ಬೆರೆಸಿದ ದ್ರಾವಣವನ್ನು 60 ಡಿಗ್ರಿಯ ಆಸುಪಾಸಿನಲ್ಲಿರಿಸಿ, ಪಿಎಚ್ 9ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಬಳಸಿದ ದ್ರಾವಣವನ್ನು ತೋಡಿಗೆ ಚೆಲ್ಲಬೇಡಿ, ಮೀನು ಸಾಯುತ್ತದೆ.