ಸ್ಪ್ರಿಂಗ್ ಹಾಕಿಸಿ ನಾಲ್ಕೇ ದಿನಕ್ಕೆ ಸಿಂಕ್ ಮತ್ತೆ ಕಟ್ಟಿಕೊಂಡಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಮಡಿಕೇರಿಯಲ್ಲಿ ಹಳೇ ಮನೆ ತಗೊಂಡಿದ್ದೀರಿ, ಅಡುಗೆಮನೆ ಸಿಂಕಿನ ನೀರು ಹೋಗುತ್ತಿಲ್ಲ. ಒಬ್ಬರು ಬಂದು ಸ್ಪ್ರಿಂಗ್ (ಪೈಪಿನೊಳಗೆ ತಿರುಗಿಸಿ ನುಗ್ಗಿಸುವ ಉದ್ದದ ತಂತಿ) ಹಾಕಿ 1500 ರೂಪಾಯಿ ತಗೊಂಡು ಹೋದರು. ನಾಲ್ಕು ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ಅಂಗಡಿಯಲ್ಲಿ ಸಿಗುವ ಪುಡಿ ಸುರಿದರೆ ಸಾಕಾ, ಇಲ್ಲ ಮೆಷಿನ್ ಇರುವವರನ್ನೇ ಕರೆಸಬೇಕಾ ಅಂತ ಕೇಳಿದ್ದೀರಿ.

ನಾನು ವಿರಾಜಪೇಟೆ, ಗೋಣಿಕೊಪ್ಪ ಕಡೆ ಪ್ಲಂಬಿಂಗ್ ಕೆಲಸ ಮಾಡುವವನು. ಪುಡಿ ಬೇಡ. ಮೆಷಿನ್ ಬೇಕಾಗಬಹುದು. ಆದರೆ ಎರಡಕ್ಕೂ ಮೊದಲು ಹಿತ್ತಲಿಗೆ ಹೋಗಿ ಚೇಂಬರಿನ (ಮನೆಯ ಕೊಳೆನೀರಿನ ಪೈಪುಗಳು ಬಂದು ಸೇರುವ ತೊಟ್ಟಿ) ಮುಚ್ಚಳ ಎತ್ತಿ ನೋಡಬೇಕು. ನಿಮ್ಮಲ್ಲಿಗೆ ಬಂದವರು ಅದನ್ನು ಎತ್ತಿರಲಿಕ್ಕಿಲ್ಲ ಅಂತ ನನ್ನ ಅನುಮಾನ.

ಸ್ಪ್ರಿಂಗ್ ಕೆಟ್ಟದ್ದಲ್ಲ, ನನ್ನ ಗಾಡಿಯಲ್ಲೂ ಒಂದು ಸದಾ ಇರುತ್ತದೆ. ಬಟ್ಟೆ, ಕೂದಲು, ಪಾತ್ರೆ ಉಜ್ಜುವ ನಾರು ಸಿಕ್ಕಿಕೊಂಡಿದ್ದರೆ ಅದು ಎಳೆದು ತರುತ್ತದೆ. ಆದರೆ ಜಿಡ್ಡು ಕಟ್ಟಿದ ಪೈಪಿನಲ್ಲಿ ಅದು ಮಾಡುವುದು ಒಂದು ತೂತು ಅಷ್ಟೇ. ನೀರು ಆ ತೂತಿನಲ್ಲಿ ಸರ್ರನೆ ಇಳಿಯುತ್ತದೆ, ನಿಮಗೂ ಖುಷಿ, ಬಂದವರಿಗೂ ಖುಷಿ. ಸುತ್ತಲಿನ ಜಿಡ್ಡು ಅಲ್ಲೇ ಕೂತಿರುತ್ತದೆ. ನಾಲ್ಕು ದಿನದ ಅನ್ನದ ಅಗುಳು, ಎಣ್ಣೆ ಸಾಕು, ತೂತು ಮುಚ್ಚಿಹೋಗುತ್ತದೆ. ಪೈಪಿಗೆ ತೂತು ಮಾಡುವುದು ಬೇರೆ, ಪೈಪು ತೊಳೆಯುವುದು ಬೇರೆ.

ನಮ್ಮ ಕೊಡಗಿನಲ್ಲಿ ಈ ಜಿಡ್ಡಿನ ಕಾಟ ಸ್ವಲ್ಪ ಜಾಸ್ತಿಯೇ. ಒಂದು ಕಡೆ ಹಂದಿ ಕೊಬ್ಬು, ಇನ್ನೊಂದು ಕಡೆ ಚಳಿ. ಪಂದಿ ಕರಿ ಮಾಡಿದ ಪಾತ್ರೆ ಬಿಸಿ ಇರುವಾಗ ಕೊಬ್ಬು ನೀರಿನ ಹಾಗೆ ಇಳಿದು ಹೋಗುತ್ತದೆ. ಹೊರಗಿನ ಗೋಡೆಗೆ ಹೊಡೆದ ತಣ್ಣನೆಯ ಪೈಪಿಗೆ ಬಂದ ಕೂಡಲೇ ಗಟ್ಟಿಯಾಗುತ್ತದೆ. ಅದರ ಮೇಲೆ ಕಾಫಿ ಚರಟ. ಸಿಮೆಂಟಿಗೆ ಮರಳು ಕಲಸಿದ ಹಾಗೆ. ನಮ್ಮ ಹಬ್ಬಗಳಾದ ಕೈಲ್ ಮುಹೂರ್ತ ಮುಗಿದ ವಾರ, ಹುತ್ತರಿ ಮುಗಿದ ವಾರ, ನನ್ನ ಫೋನು ನಿಲ್ಲುವುದೇ ಇಲ್ಲ.

ಒಮ್ಮೆ ಹುತ್ತರಿ ಆದ ಮೇಲೆ ಪೊನ್ನಂಪೇಟೆ ಹತ್ತಿರದ ಒಂದು ಮನೆಯಿಂದ ಫೋನು. "ಅಣ್ಣ, ನೀರು ಕೆಳಗೆ ಹೋಗೋದು ಬಿಟ್ಟು ಮೇಲಕ್ಕೆ ಬರ್ತಾ ಉಂಟು." ಹೋಗಿ ನೋಡಿದರೆ ಸ್ಪ್ರಿಂಗಿಗೂ ಬಗ್ಗಲಿಲ್ಲ. ಕೊನೆಗೆ ಹೊರಗಿನ 75 ಎಂಎಂ ಪೈಪನ್ನೇ ಗರಗಸದಲ್ಲಿ ಕೊಯ್ದೆ. ಒಳಗೆ ಬಾಳೆದಿಂಡು ಕತ್ತರಿಸಿದ ಹಾಗೆ ಬಿಳಿ ಸುತ್ತುಗಳು. ಒಂದು ಬಿಳಿ ಸುತ್ತು, ಒಂದು ಕಪ್ಪು ಗೆರೆ, ಮತ್ತೆ ಬಿಳಿ. ಕಪ್ಪು ಗೆರೆ ಎಲ್ಲಾ ಕಾಫಿ ಚರಟ. ನಡುವೆ ನನ್ನ ಕಿರುಬೆರಳು ಹೋಗುವಷ್ಟು ಜಾಗ. ಮನೆಯ ಅಕ್ಕ ಅದನ್ನು ನೋಡಿ, "ಇದು ನಮ್ಮ ಮನೆಯದ್ದೇನಾ?" ಅಂದರು. ಇನ್ಯಾರ ಮನೆಯದ್ದು ಅಕ್ಕಾ!

ಪುಡಿ ಯಾಕೆ ಬೇಡ ಅಂತ ಹೇಳುತ್ತೇನೆ. ಆ ಪುಡಿಗಳಲ್ಲಿ ಹೆಚ್ಚಿನವು ಕಾಸ್ಟಿಕ್ ಸೋಡಾ. ನೀರು ತಾಗಿದರೆ ಕುದಿಯುವಷ್ಟು ಬಿಸಿಯಾಗುತ್ತದೆ. ಸಣ್ಣಪುಟ್ಟ ಜಿಡ್ಡು ಕರಗುತ್ತದೆ, ನಿಜ. ಆದರೆ ನೀರು ಪೂರ್ತಿ ನಿಂತಿರುವ ಸಿಂಕಿಗೆ ಸುರಿದರೆ ಅದು ಮುಂದೆ ಹೋಗುವುದೇ ಇಲ್ಲ, ಬೆಂಡಿನಲ್ಲೇ ಕೂರುತ್ತದೆ. ಪಿವಿಸಿ ಬೆಂಡು ಆ ಬಿಸಿಗೆ ಮೆತ್ತಗಾಗಿ ಸೊಟ್ಟಗಾಗಿದ್ದನ್ನು ನಾನೇ ಬಿಚ್ಚಿದ್ದೇನೆ. ಇನ್ನೊಂದು, ಕಾಸ್ಟಿಕ್ ಮತ್ತು ಕೊಬ್ಬು ಸೇರಿದರೆ ಆಗುವುದು ಸಾಬೂನು. ಹತ್ತಡಿ ಮುಂದೆ ಹೋಗಿ ಅದೂ ಗಟ್ಟಿಯಾಗಿ ಕೂತರೆ ಈಗ ಕೈಗೆ ಸಿಗುವ ಬ್ಲಾಕ್ ಆಮೇಲೆ ನೆಲದಡಿ ಇರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಆ ಪುಡಿಯ ಮೇಲೆ ಸುರಿಯುವ ಪ್ರಯೋಗ ಮಾತ್ರ ಯಾವತ್ತೂ ಮಾಡಬೇಡಿ, ಸಿಡಿದು ಮುಖಕ್ಕೆ ಹಾರುತ್ತದೆ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಈಗಾಗಲೇ ಪುಡಿ ಹಾಕಿಬಿಟ್ಟಿದ್ದರೆ ಬರುವವರಿಗೆ ಮೊದಲೇ ಹೇಳಿ. ಹೇಳದೇ ಇದ್ದ ಒಬ್ಬರ ಮನೆಯಲ್ಲಿ ಬಾಟಲ್ ಟ್ರ್ಯಾಪ್ (ಸಿಂಕಿನ ಕೆಳಗೆ ನೀರು ನಿಲ್ಲುವ ಬಟ್ಟಲಿನಂಥ ಭಾಗ) ಬಿಚ್ಚಿ ನನ್ನ ಮುಂಗೈ ಚರ್ಮ ಸುಲಿದುಹೋಗಿತ್ತು. ಅವತ್ತಿನಿಂದ ಗ್ಲೌಸ್ ಇಲ್ಲದೆ ಯಾವ ಟ್ರ್ಯಾಪನ್ನೂ ಮುಟ್ಟುವುದಿಲ್ಲ.

ಈಗ ಚೇಂಬರ್ ವಿಷಯ. ಸಿಂಕಿನಲ್ಲಿ ನೀರು ನಿಂತಿರುವಾಗಲೇ ಹೋಗಿ ಮುಚ್ಚಳ ಎತ್ತಿ. ಚೇಂಬರ್ ಒಣಗಿದ್ದರೆ ತೊಂದರೆ ಸಿಂಕಿಗೂ ಚೇಂಬರಿಗೂ ನಡುವೆ ಇದೆ. ಮೊದಲು ಸಿಂಕಿನ ಕೆಳಗೆ ಬಕೆಟ್ ಇಟ್ಟು ಟ್ರ್ಯಾಪ್ ಬಿಚ್ಚಿ ತೊಳೆಯಿರಿ, ಅದನ್ನು ನೀವೇ ಮಾಡಬಹುದು. ಅರ್ಧ ಕೇಸು ಅಲ್ಲೇ ಮುಗಿಯುತ್ತದೆ. ಚೇಂಬರಿನಲ್ಲಿ ನೀರು ತುಂಬಿ ನಿಂತಿದ್ದರೆ ಸಿಂಕಿನ ತಪ್ಪಲ್ಲ, ಬ್ಲಾಕ್ ಅದಕ್ಕಿಂತ ಮುಂದೆ ಇದೆ. ಟಾಯ್ಲೆಟ್ ಫ್ಲಶ್ ಮಾಡಿದಾಗ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಅಂದರೆ ಅದೂ ಚೇಂಬರಿನಿಂದ ಮುಂದೆ ಹೋಗುವ ಮೇನ್ ಲೈನಿನದ್ದೇ ಕಥೆ.

ಮೇನ್ ಲೈನ್ ಜಿಡ್ಡಿಗೆ ನೀವು ಕೇಳಿದ ಮೆಷಿನ್, ಅಂದರೆ ಜೆಟ್ಟಿಂಗ್, ಸರಿ. ಪ್ರೆಶರ್ ಪಂಪಿನ ಪೈಪಿನ ತುದಿಯಲ್ಲಿ ಒಂದು ನಾಝಲ್ ಇರುತ್ತದೆ, ನೀರು ಅದರ ಹಿಂಬದಿಯ ತೂತುಗಳಿಂದ ಚಿಮ್ಮುತ್ತದೆ. ಆ ಒತ್ತಡಕ್ಕೆ ನಾಝಲ್ ತಾನಾಗಿ ಮುಂದೆ ನುಗ್ಗುತ್ತದೆ, ಕೆರೆದ ಕೊಳೆ ಹಿಂದಕ್ಕೆ ಚೇಂಬರಿಗೆ ಬಂದು ಬೀಳುತ್ತದೆ. ಅದಕ್ಕೇ ಕೆಲಸ ಗೊತ್ತಿರುವವರು ಕೆಳಗಿನ ಚೇಂಬರಿನಿಂದ ಮೇಲಕ್ಕೆ ಹೊಡೆಯುತ್ತಾರೆ. ಬಿದ್ದ ಕೊಳೆಯನ್ನು ಬಕೆಟ್ಟಿಗೆ ಎತ್ತಿಸಿ, ಮುಂದಕ್ಕೆ ತಳ್ಳಲು ಬಿಡಬೇಡಿ.

ಹಳೇ ಮನೆ ಅಂದಿದ್ದೀರಿ, ಹಾಗಾಗಿ ಇನ್ನೊಂದು ಮಾತು. ಹಿತ್ತಲಿನಲ್ಲಿ ಸಿಲ್ವರ್ ಓಕ್ ಮರ ಇದೆಯಾ? ಹಳೇ ಮಣ್ಣಿನ ಪೈಪುಗಳ ಜಾಯಿಂಟಿನಲ್ಲಿ ಕೂದಲಿನಂಥ ಬೇರು ನುಗ್ಗಿ ಒಳಗೆ ಪೊರಕೆಯ ಹಾಗೆ ಬೆಳೆದಿರುತ್ತದೆ. ಕಟ್ಟರ್ ಹಾಕಿ ಕತ್ತರಿಸಬಹುದು, ಜಾಯಿಂಟ್ ಸರಿ ಮಾಡದಿದ್ದರೆ ಮತ್ತೆ ಬರುತ್ತದೆ. ಮಡಿಕೇರಿಯ ಇಳಿಜಾರಿನಲ್ಲಿ ಮಣ್ಣು ತುಂಬಿ ಕಟ್ಟಿದ ಮನೆಯಾದರೆ ಮಣ್ಣು ಕೂತು ಪೈಪಿಗೆ ಹೊಟ್ಟೆ ಬಿದ್ದಿರಲೂಬಹುದು. ಆ ಹೊಟ್ಟೆಯಲ್ಲಿ ನೀರು ಸದಾ ನಿಂತೇ ಇರುತ್ತದೆ. ಅದಕ್ಕೆ ಯಾವ ಮೆಷಿನ್ನೂ ಮದ್ದಲ್ಲ. ಅಗೆದು, ನಲವತ್ತು ಐವತ್ತು ಅಡಿಗೆ ಒಂದಡಿ ಇಳಿಯುವ ಹಾಗೆ ಹೊಸ 110 ಎಂಎಂ ಪೈಪ್ ಹಾಕಬೇಕು. ಇವೆರಡರಲ್ಲಿ ಯಾವುದು ಅಂತ ಕ್ಯಾಮರಾ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಒಮ್ಮೆ ಜೆಟ್ಟಿಂಗ್ ಮಾಡಿಸಿಯೂ ತಿಂಗಳೊಳಗೆ ಕಟ್ಟಿಕೊಂಡರೆ ಆಗ ಕ್ಯಾಮರಾಕ್ಕೆ ದುಡ್ಡು ಕೊಡಿ. ಈಗಲೇ ಬೇಡ.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಫೋನು ಬಂದರೆ ನಾನು ಸಿಂಕ್ ಬಗ್ಗೆ ಕೇಳುವುದೇ ಇಲ್ಲ, ಪಿಟ್ (ಕೊಳೆನೀರು ಇಂಗುವ ಗುಂಡಿ) ಬಗ್ಗೆ ಕೇಳುತ್ತೇನೆ. ನೆಲವೇ ನೀರು ಕುಡಿದು ತುಂಬಿರುವಾಗ ಪಿಟ್ಟಿನ ನೀರು ಎಲ್ಲಿಗೆ ಇಂಗಬೇಕು? ಅದರ ಮೇಲೆ ಕೆಲವರು ಮಾಡಿನ (ಚಾವಣಿಯ) ಮಳೆನೀರನ್ನೂ ಅದೇ ಚೇಂಬರಿಗೆ ಬಿಟ್ಟಿರುತ್ತಾರೆ. ಪೈಪು ಎಷ್ಟು ತೊಳೆದರೂ ಅಲ್ಲಿ ಪ್ರಯೋಜನ ಇಲ್ಲ. ಮಾಡಿನ ನೀರನ್ನು ಬೇರೆ ಮಾಡಿ ಚರಂಡಿಗೆ ಬಿಡಿ. ಪಿಟ್ ತುಂಬಿದ್ದರೆ ಸಕ್ಕಿಂಗ್ ಗಾಡಿಗೆ ನಗರಸಭೆಯಲ್ಲಿ ವಿಚಾರಿಸಿ. ಯಾರೋ ಕಮ್ಮಿ ದುಡ್ಡಿಗೆ "ನಾನೇ ಇಳಿದು ತೆಗೀತೇನೆ" ಅಂದರೆ ಖಂಡಿತ ಒಪ್ಪಬೇಡಿ. ಒಳಗಿನ ಗ್ಯಾಸಿಗೆ ಎರಡು ಉಸಿರಿನಲ್ಲಿ ಆಳು ಬೀಳುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧವೂ ಹೌದು.

ಮೆಷಿನಿನವರಿಗೆ ಫೋನು ಮಾಡುವಾಗ ರೇಟ್ ಒಂದನ್ನೇ ಕೇಳಬೇಡಿ. ಚೇಂಬರ್ ತೆಗೆದು ಕೆಳಗಿನಿಂದ ಹೊಡೀತೀರಾ, ಎಷ್ಟು ಅಡಿ ಹೋಸ್ ಇದೆ, ಬರುವ ಹೋಗುವ ಗಾಡಿ ಬಾಡಿಗೆ ಸೇರಿದೆಯಾ ಅಂತ ಕೇಳಿ. ಕುಶಾಲನಗರದಿಂದಲೋ ಮೈಸೂರಿನಿಂದಲೋ ಘಾಟಿ ಹತ್ತಿ ಬರುವವರಾದರೆ ಬಾಡಿಗೆಯೇ ಒಂದು ಲೆಕ್ಕ. ಅಕ್ಕಪಕ್ಕದ ಎರಡು ಮನೆಯವರು ಸೇರಿ ಕರೆಸಿದರೆ ಹಂಚಿಹೋಗುತ್ತದೆ. ಕೆಲಸ ಮುಗಿದ ಮೇಲೆ ಸಿಂಕನ್ನು ತುಂಬಾ ತುಂಬಿಸಿ ಒಮ್ಮೆಲೇ ಬಿಡಿ, ಚೇಂಬರ್ ಹತ್ತಿರ ನಿಂತು ನೋಡಿ. ನೀರು ಒಂದೇ ಸಮ ಬಂದು ಹೋಗಬೇಕು. ತೊಟ್ಟಿಕ್ಕಿಕೊಂಡು ಬಂದರೆ ದುಡ್ಡು ಕೊಡುವ ಮೊದಲೇ ಹೇಳಿ.

ಆಮೇಲೆ ಪಂದಿ ಕರಿ ಪಾತ್ರೆಯನ್ನು ಹಳೇ ಪೇಪರಿನಲ್ಲಿ ಒರೆಸಿ ತೊಳೆಯಿರಿ. ಚರಟ ಗಿಡದ ಬುಡಕ್ಕೆ. ಕುದಿಯುವ ನೀರು ಸುರಿಯುವ ಅಭ್ಯಾಸ ಇದ್ದರೆ ಬಿಡಿ, ಪಿವಿಸಿಗೆ ಅಷ್ಟು ಬಿಸಿ ಆಗಿಬರುವುದಿಲ್ಲ.

ಸದ್ಯಕ್ಕೆ ಚೇಂಬರ್ ತೆಗೆದು ನೋಡಿ, ಒಣಗಿದೆಯೋ ತುಂಬಿದೆಯೋ ಇಲ್ಲೇ ಕೆಳಗೆ ಬರೆಯಿರಿ. ಮುಚ್ಚಳ ಭಾರ ಇರುತ್ತದೆ, ಬೆರಳು ಕೊಡಬೇಡಿ, ಹಾರೆ ಹಾಕಿ ಎತ್ತಿ.