ಬಾಯಿ ಬಿಡದಿದ್ದರೆ ಅಂಕ ಹೋಗುತ್ತಾ?

ಪ್ರಶ್ನೆ: ಬಾಗೇಪಲ್ಲಿ ಹತ್ತಿರದ ಹಳ್ಳಿಯಿಂದ ದಿನಾ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತೇನೆ. ಬಿ.ಎ. ಎರಡನೇ ವರ್ಷ. ಈ ಸೆಮಿಸ್ಟರ್‌ನಲ್ಲಿ ಒಂದು ಪೇಪರ್‌ಗೆ ನೋಟ್ಸ್ ಇಲ್ಲ, ಬರೀ ಚರ್ಚೆ. ವಾರಕ್ಕೊಂದು ಸಲ ಎರಡು ಗಂಟೆ. ಮೊದಲ ದಿನವೇ ಮೇಡಂ ನಿಯಮಗಳ ಹಾಳೆ ಕೊಟ್ಟರು. ಹದಿನೈದು ಪುಟ ಓದಿಕೊಂಡು ಬರಬೇಕು. ಹಿಂದಿನ ರಾತ್ರಿ ಒಂದು ಪ್ರಶ್ನೆ ಬರೆದು ಕಳಿಸಬೇಕು. ಎರಡಕ್ಕಿಂತ ಜಾಸ್ತಿ ಕ್ಲಾಸ್ ತಪ್ಪಿದರೆ ಅಂಕ ಕಡಿತ. ಇಂಟರ್ನಲ್ಸ್‌ನ ಅಂಕದಲ್ಲಿ ಅರ್ಧದಷ್ಟು ಚರ್ಚೆಯಲ್ಲಿ ಭಾಗವಹಿಸಿದ್ದಕ್ಕೆ. ನಮ್ಮ ಮನೆಯಲ್ಲಿ ತೆಲುಗು, ಓದಿದ್ದು ಕನ್ನಡ ಮೀಡಿಯಂ. ನಾಲ್ಕು ಜನರ ಮುಂದೆ ನನಗೆ ಬಾಯೇ ಬರಲ್ಲ. ವಿಶ್ವವಿದ್ಯಾಲಯಕ್ಕೆ ಶೇ 75 ಹಾಜರಾತಿ ಸಾಕು. ಇವರು ಯಾಕೆ ಜಾಸ್ತಿ ಕೇಳುತ್ತಾರೆ?

ಉತ್ತರ: ಮೊದಲು ಹಾಜರಾತಿ ವಿಷಯ ಮುಗಿಸೋಣ. ಶೇ 75 ಅನ್ನೋದು ಪರೀಕ್ಷೆಗೆ ಕೂರಲು ಬೇಕಾದ ಕನಿಷ್ಠ ಮಿತಿ. ಸೆಮಿಸ್ಟರ್‌ಗೆ 16 ವಾರ ಎಂದಿಟ್ಟುಕೊಂಡರೆ ನಿನ್ನ ಈ ಪೇಪರ್‌ನಲ್ಲಿ 4 ಕ್ಲಾಸ್ ತಪ್ಪಿದರೂ ಹಾಲ್ ಟಿಕೆಟ್ ಸಿಗುತ್ತದೆ. ಮೇಡಂ ಅದನ್ನು ತಡೆಯುತ್ತಿಲ್ಲ. ಅವರ ಕೈಯಲ್ಲಿರುವುದು ಭಾಗವಹಿಸಿದ್ದಕ್ಕೆ ಕೊಡುವ ಅಂಕ. ಬಾರದ ದಿನ ನೀನು ಭಾಗವಹಿಸಿಲ್ಲ, ಅಷ್ಟೇ.

ಆದರೆ ಕಾರಣ ಇನ್ನೂ ಆಳದಲ್ಲಿದೆ ನೋಡಮ್ಮ. ಲೆಕ್ಚರ್ ಕ್ಲಾಸಿಗೆ ನೀನು ಹೋಗದಿದ್ದರೆ ನಷ್ಟ ನಿನಗೊಬ್ಬಳಿಗೆ. ನೋಟ್ಸ್ ಬರೆದುಕೊಂಡರೆ ಮುಕ್ಕಾಲು ಪಾಲು ವಾಪಸ್ ಬರುತ್ತದೆ. ಚರ್ಚೆಯ ಕ್ಲಾಸಿನಲ್ಲಿ ಪಾಠ ಹುಟ್ಟುವುದೇ ಅಲ್ಲಿ ಕೂತವರ ಮಾತಿನಿಂದ. ನೀನು ಬರದಿದ್ದರೆ ಉಳಿದವರ ಪಾಠವೂ ಅಷ್ಟು ಕಡಿಮೆಯಾಗುತ್ತದೆ. ಓದದೆ ಬಂದರೂ ಹಾಗೇ. ಹಾಳೆಯಲ್ಲಿರುವ ಹೆಚ್ಚಿನ ನಿಯಮಗಳು ಈ ಒಂದು ಮಾತಿನಿಂದಲೇ ಬಂದಿವೆ. ನಿನ್ನ ಮಾತು ನಿನ್ನ ಜೊತೆಯವರಿಗೆ ಬೇಕು ಅಂತ ಆ ಹಾಳೆ ಹೇಳುತ್ತಿದೆ. ಇದನ್ನು ದಯವಿಟ್ಟು ನಂಬು.

ಬಸ್ಸಿನ ಕಥೆ ಬೇರೆ. ಪೇರೇಸಂದ್ರದಲ್ಲೋ ಇನ್ನೆಲ್ಲೋ ಬಸ್ ನಿಂತರೆ ನೀನೇನು ಮಾಡಲಾದೀತು? ಮೊದಲ ವಾರವೇ ಹೋಗಿ ನಿನ್ನ ಬಸ್ಸಿನ ಹೊತ್ತು ಹೇಳಿಬಿಡು. ತಡವಾದ ದಿನ ಮೆಸೇಜ್ ಹಾಕು, ಒಳಗೆ ಬಂದು ಸದ್ದಿಲ್ಲದೆ ಕೂರು. ಕ್ಲಾಸ್ ತಪ್ಪಿದ ವಾರ ಆ ಪುಟಗಳ ಮೇಲೆ ಒಂದು ಪುಟ ಬರೆದು ಕೊಡಬಹುದಾ ಅಂತ ಕೇಳು. ಹೊಣೆಯಿಂದ ಕೇಳುವ ವಿದ್ಯಾರ್ಥಿಗೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ.

ಈಗ ಮಾತಿನ ಭಯ. ಭಾಗವಹಿಸುವುದು ಅಂದರೆ ಭಾಷಣ ಅಂತ ನೀನು ತಿಳಿದುಕೊಂಡಿದ್ದೀಯ. ಒಂದು ಉದಾಹರಣೆ ಕೊಡುತ್ತೇನೆ. ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ಯೋಜನೆಯ ಮೇಲಿನ ಒಂದು ಲೇಖನ ಓದಲು ಕೊಟ್ಟಿದ್ದಾರೆ ಎಂದುಕೋ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಅದು. ಒಬ್ಬ ಹುಡುಗ ಎದ್ದು ‘ಕೆರೆ ತುಂಬಿದೆ, ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ಒಳ್ಳೆಯದೇ ಆಯಿತು’ ಅಂತಾನೆ. ಆಗ ನೀನು ‘ಅದು ಲೇಖನದ ಯಾವ ಪುಟದಲ್ಲಿದೆ?’ ಅಂತ ಕೇಳಿದರೆ ಅದೂ ಭಾಗವಹಿಸುವಿಕೆಯೇ. ‘ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ರೈತರು ಯಾಕೆ ಕೇಳುತ್ತಿದ್ದಾರೆ, ಇದರಲ್ಲಿ ಉತ್ತರ ಇಲ್ವಲ್ಲ’ ಅಂದರೆ ಇನ್ನೂ ಒಳ್ಳೆಯದು. ‘ನಮ್ಮ ಬಾಗೇಪಲ್ಲಿ ಕಡೆ ತೊಂದರೆಯೇ ಬೇರೆ, ನೆಲದಡಿಯ ನೀರಲ್ಲೇ ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇದೆ’ ಅಂತ ನೀನು ಹೇಳಿದೆ ಅನ್ನು, ಅಲ್ಲಿಗೆ ಚರ್ಚೆಯ ದಿಕ್ಕೇ ಬದಲಾಗುತ್ತದೆ. ಕುಡಿಯುವ ನೀರಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಆ ಅಂಕಿಯನ್ನು ಜೊತೆಗಿಟ್ಟರೆ ನಿನ್ನ ಮಾತಿಗೆ ಗಟ್ಟಿ ನೆಲ ಸಿಕ್ಕಿತು. ಇವು ಯಾವುವೂ ಎರಡು ವಾಕ್ಯಕ್ಕಿಂತ ಉದ್ದ ಇಲ್ಲ, ಅಲ್ವಾ?

ಹಿಂದಿನ ರಾತ್ರಿ ಪ್ರಶ್ನೆ ಕಳಿಸುವ ನಿಯಮ ಇರುವುದೇ ನಿನ್ನಂಥವರಿಗಾಗಿ. ಆ ಪ್ರಶ್ನೆಯನ್ನು ಹಾಳೆಯಲ್ಲಿ ಬರೆದುಕೊಂಡು ಹೋಗು. ಮೊದಲ ಹತ್ತು ನಿಮಿಷದಲ್ಲೇ ಓದಿಬಿಡು. ಕಾದಷ್ಟೂ ಎದೆ ಡವಡವ ಜಾಸ್ತಿ. ಕನ್ನಡದಲ್ಲಿ ಮಾತಾಡಬಹುದಾ ಅಂತ ಕೇಳಲು ಸಂಕೋಚ ಬೇಡ. ತೆಲುಗಿನಲ್ಲಿ ಹೊಳೆದದ್ದನ್ನು ಕನ್ನಡದಲ್ಲಿ ಹೇಳುವುದು ನಮ್ಮ ಜಿಲ್ಲೆಯ ಮಕ್ಕಳಿಗೆ ದಿನನಿತ್ಯದ ಕೆಲಸ.

ಪ್ರಶ್ನೆಯನ್ನು ಚಾಟ್‌ಜಿಪಿಟಿ ಕೈಲಿ ಬರೆಸಬೇಡ. ಕ್ಲಾಸಿನಲ್ಲಿ ಯಾರಾದರೂ ‘ಯಾಕೆ ಹಾಗನ್ನಿಸಿತು?’ ಅಂದರೆ ಹೇಳಲು ಏನೂ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನೀನು ಗಟ್ಟಿಯಾಗಿ ಕೇಳಲೇಬೇಕು. ಆ ಅರ್ಧ ಅಂಕವನ್ನು ಯಾವ ಆಧಾರದ ಮೇಲೆ ಕೊಡುತ್ತಾರೆ? ಸೆಮಿಸ್ಟರ್ ನಡುವೆ ಒಮ್ಮೆ ‘ಇಲ್ಲಿಯವರೆಗೆ ನೀನು ಇಷ್ಟರಲ್ಲಿದ್ದೀಯ’ ಅಂತ ಹೇಳುತ್ತಾರಾ? ಕೊನೆಯ ದಿನ ನೋಟಿಸ್ ಬೋರ್ಡ್‌ನಲ್ಲಿ ಅಂಕ ನೋಡಿ ಅಳುವಂತೆ ಆಗಬಾರದು. ಅಂಕದ ಲೆಕ್ಕ ತಿಳಿಯುವುದು ವಿದ್ಯಾರ್ಥಿಯ ಹಕ್ಕು.

ಪ್ರಶ್ನೆ: ತುಮಕೂರಿನಲ್ಲಿ ಡಿಗ್ರಿ ಕಾಲೇಜು ಲೆಕ್ಚರರ್ ನಾನು. ಚರ್ಚೆ ಇಟ್ಟರೆ ಮೂರು ಹುಡುಗರೇ ಮಾತಾಡುತ್ತಾರೆ. ಹೆಣ್ಣುಮಕ್ಕಳು ಹಿಂದಿನ ಬೆಂಚಿನಲ್ಲಿ ಮೌನ. ಮಾತಾಡದಿದ್ದರೆ ಸೊನ್ನೆ ಅಂತ ನಿಯಮ ಮಾಡಲಾ?

ಉತ್ತರ: ಬೇಡ ಸರ್. ಸೊನ್ನೆಯ ಭಯಕ್ಕೆ ಬಾಯಿ ತೆರೆದವರು ಏನಾದರೊಂದು ಹೇಳಿ ಕೂತುಬಿಡುತ್ತಾರೆ.

ಮೊದಲು ನಿಮ್ಮ ಮೌನದ ಅಳತೆ ನೋಡಿಕೊಳ್ಳಿ. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಗಮನಿಸಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದೇ ಸೆಕೆಂಡ್! ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದ ಮಕ್ಕಳೂ ಮಾತಾಡತೊಡಗಿದರು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ ನೋಡಿ. ನಮಗೆ ಅದು ಎಷ್ಟು ದೀರ್ಘ ಅನ್ನಿಸುತ್ತದೆ! ಆ ಮೂರು ಹುಡುಗರು ಗೆಲ್ಲುತ್ತಿರುವುದು ಆ ಒಂದು ಸೆಕೆಂಡಿನಲ್ಲೇ.

ಇನ್ನೊಂದು ಕ್ರಮ 1981ರಲ್ಲಿ ಫ್ರಾಂಕ್ ಲೈಮನ್ ಹೇಳಿಕೊಟ್ಟದ್ದು. ಮೊದಲು ಒಬ್ಬೊಬ್ಬರೇ ಯೋಚಿಸುವುದು, ಆಮೇಲೆ ಪಕ್ಕದವರ ಜೊತೆ ಹಂಚಿಕೊಳ್ಳುವುದು, ಕೊನೆಗೆ ಇಡೀ ತರಗತಿಗೆ ಹೇಳುವುದು. ಎಪ್ಪತ್ತು ಜನರ ಕ್ಲಾಸಿನಲ್ಲೂ ಇದು ನಡೆಯುತ್ತದೆ, ಬೆಂಚುಗಳನ್ನು ಅಲುಗಾಡಿಸಬೇಕಾಗಿಲ್ಲ. ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ಸಾಕು. ಪಕ್ಕದ ಗೆಳತಿಗೆ ಒಮ್ಮೆ ಹೇಳಿ ನೋಡಿದ ಮಾತನ್ನು ಎದ್ದು ನಿಂತು ಹೇಳುವುದು ಅಷ್ಟು ಕಷ್ಟ ಆಗುವುದಿಲ್ಲ.

ನಿಯಮ ಮಾಡಲೇಬೇಕು ಅಂದರೆ ಇದನ್ನು ಮಾಡಿ: ಒಬ್ಬರು ಎರಡು ಸಲ ಮಾತಾಡಿದ ಮೇಲೆ, ಇನ್ನೂ ಮಾತಾಡದವರಲ್ಲಿ ಮೂವರು ಮಾತಾಡುವವರೆಗೆ ಕಾಯಬೇಕು. ಹಿಂದಿನವರ ಮಾತನ್ನು ಒಂದು ವಾಕ್ಯದಲ್ಲಿ ಸರಿಯಾಗಿ ಹೇಳಿ, ಆಮೇಲೆ ತಮ್ಮ ಮಾತು ಶುರು ಮಾಡಬೇಕು. ಕೇಳಿಸಿಕೊಂಡದ್ದಕ್ಕೂ ಅಂಕ ಕೊಡಿ. ಆ ಮೂವರನ್ನು ಮಾತ್ರ ಎಲ್ಲರ ಮುಂದೆ ಗದರಬೇಡಿ. ತಯಾರಾಗಿ ಬರುವ ಹುಡುಗರು ಅವರು. ಪಕ್ಕಕ್ಕೆ ಕರೆದು, ಬೇರೆಯವರನ್ನು ಮಾತಿಗೆ ಎಳೆಯುವ ಕೆಲಸ ಒಪ್ಪಿಸಿ.

ಪ್ರಶ್ನೆ: ಮುಳಬಾಗಿಲಿನವನು ನಾನು. ಮಗಳು ಕೋಲಾರದಲ್ಲಿ ಎಂ.ಎ. ಓದುತ್ತಿದ್ದಾಳೆ. ಕ್ಲಾಸಿನಲ್ಲಿ ಜಾತಿ, ರಾಜಕೀಯ ಎಲ್ಲ ಮಾತಾಡಿಸುತ್ತಾರಂತೆ. ಮೇಷ್ಟರಿಗೇ ಎದುರು ಹೇಳಿದರೂ ಪರವಾಗಿಲ್ಲವಂತೆ. ನಾಳೆ ಅವಳಿಗೆ ತೊಂದರೆ ಆಗುವುದಿಲ್ಲವಾ?

ಉತ್ತರ: ಯಜಮಾನರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಪ್ರಶ್ನೆ ಕೇಳುವುದು ನಮ್ಮ ಸೀಮೆಗೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೇ ಪರೀಕ್ಷಿಸಲು ಸಮಿತಿ ಮಾಡಿದ್ದರು. ಆಧಾರ ಕೊಟ್ಟು ಮೇಷ್ಟರ ಮಾತನ್ನು ಒಪ್ಪದಿರುವುದು ಎಂ.ಎ. ಮಟ್ಟದಲ್ಲಿ ಕಲಿಯಲೇಬೇಕಾದ ಕೆಲಸ.

ಆದರೆ ನಿಮ್ಮ ಮಗಳು ಮೇಷ್ಟರನ್ನು ಎರಡು ಮಾತು ಕೇಳಲಿ. ಕ್ಲಾಸಿನಲ್ಲಿ ಯಾರೂ ವಿಡಿಯೊ ಮಾಡಬಾರದು, ಒಬ್ಬರು ಆಡಿದ ಮಾತನ್ನು ಹೆಸರು ಹಾಕಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಏರಿಸಬಾರದು ಅಂತ ಕ್ಲಾಸಿನ ನಿಯಮಗಳ ಹಾಳೆಯಲ್ಲಿ ಬರೆದಿದೆಯಾ? ಒಬ್ಬ ವಿದ್ಯಾರ್ಥಿಯ ಜಾತಿಯನ್ನು ಬೊಟ್ಟು ಮಾಡಿ ‘ನಿಮ್ಮವರ ಅಭಿಪ್ರಾಯ ಹೇಳು’ ಅಂತ ಯಾರೂ ಕೇಳಬಾರದು ಎಂಬ ನಿಯಮ ಇದೆಯಾ? ಇವೆರಡೂ ಇಲ್ಲದಿದ್ದರೆ ಸೇರಿಸಿ ಅಂತ ಕೇಳಲಿ, ಒಬ್ಬಳೇ ಹೋಗದೆ ನಾಲ್ಕು ಜನ ಜೊತೆಗೂಡಿ ಕೇಳಲಿ.