ಟೆಲಿಸ್ಕೋಪ್ ಆಮ್ಯಾಲ ತಗೋರಿ, ಮೊದಲ ಒಂದು ಕೋಲು ನೆಡ್ರಿ

ಅಕ್ಕಾರ, ವಿಜಯಪುರದಾಗ ನಿಮ್ಮ ಓಣಿ ಸಮುದಾಯ ಭವನದಾಗ ಹುಡುಗೂರಿಗೆ ಖಗೋಳ ಕ್ಲಬ್ ಶುರು ಮಾಡಾಕತ್ತೀವಿ, ಹತ್ತು ಸಾವಿರದಾಗ ಯಾವ ಟೆಲಿಸ್ಕೋಪ್ ಬರ್ತದ ಅಂತ ಕೇಳೀರಿ. ಬಾಗಲಕೋಟೆಯಾಗ ನಾಕು ವರ್ಷದಿಂದ ಇಂಥದ್ದ ಒಂದು ನಡಸಾಕತ್ತೀನಿ. ನನ್ನ ಮಾತು ಕೇಳೋದಾದ್ರ ಈಗ ತಗೋಬ್ಯಾಡ್ರಿ.

ನಾವು ಮೊದಲನೇ ವರ್ಷನ ತಗೊಂಡಿದ್ವಿ. ಸ್ಟ್ಯಾಂಡ್ ಅಲುಗಾಡ್ತಿತ್ತು. ಚಂದ್ರ ಎರಡು ನಿಮಿಷದಾಗ ತನ್ನ ಅಗಲದಷ್ಟು ಸರೀತಾನ, ಹಿಂಗಾಗಿ ಒಬ್ಬಾಂವ ನೋಡಿ ಸರಿಯೋದ್ರಾಗ ಇನ್ನೊಬ್ಬಗ ಬರೇ ಕತ್ತಲ. ಮೂವತ್ತು ಹುಡುಗೂರ ಪಾಳಿ. ಹಿಂದಿನ ಸಣ್ಣವರು ಕಟ್ಟಿ ಮ್ಯಾಲ ನಿದ್ದಿ ಹೋದ್ರು. ಮುಂದಿನ ವಾರ ಹನ್ನೊಂದ ಮಂದಿ ಬಂದ್ರು.

ಆಮ್ಯಾಲ ಮೂರು ಅಡಿ ಕೋಲಿನಿಂದ ಶುರು ಮಾಡಿದ್ವಿ. ದಾರಕ್ಕ ಕಲ್ಲು ಕಟ್ಟಿ ನೆಟ್ಟಗ ಐತೋ ಇಲ್ಲೋ ನೋಡಿ ಅಂಗಳದಾಗ ನೆಡ್ರಿ. ಹನ್ನೊಂದೂವರಿಯಿಂದ ಒಂದೂವರಿ ತನಕ ಹತ್ತು ನಿಮಿಷಕ್ಕೊಮ್ಮೆ ನೆಳ್ಳಿನ ತುದಿಗೆ ಸುಣ್ಣದ ಗುರ್ತು ಹಾಕಸ್ರಿ. ಎಲ್ಲಾಕ್ಕಿಂತ ಗಿಡ್ಡ ನೆಳ್ಳು ಹನ್ನೆರಡಕ್ಕ ಬರಂಗಿಲ್ಲ! ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನೀವಿರೋದು ಅದರ ಪಡುವಲಕ್ಕ 75.7ರಾಗ, ಸೂರ್ಯ ನಿಮ್ಮ ನೆತ್ತಿಗೆ ತಡಾ ಮಾಡಿ ಬರ್ತಾನ. ಅದಕ್ಕ ಮೇ ತಿಂಗಳದಾಗ 12:24ರ ಸುಮಾರಿಗೆ ಬರ್ತದ. ಮೇ 7ರ ಆಸುಪಾಸು ವಿಜಯಪುರದಾಗ ಆ ಹೊತ್ತಿಗೆ ನೆಳ್ಳ ಇರಂಗಿಲ್ಲ, ಮತ್ತ ಆಗಸ್ಟ್ 5–6ಕ್ಕೂ ಹಂಗ, ಮೋಡ ಬಿಟ್ಟುಕೊಟ್ರ. ಒಂದು ದಿನ ಆಚೀಚಿ ಆದ್ರ ಅರ್ಧ ಸೆಂಟಿಮೀಟರ್ ನೆಳ್ಳು ಅಷ್ಟ.

ನಾನು ಭಾಳ ಮೆಚ್ಚಿದ್ದು ಮಳಿ ನಕ್ಷತ್ರದ ಆಟ. ರೋಹಿಣಿ, ಮಿರಗ, ಆರಿದ್ರ ಅಂತ ಮನ್ಯಾಗ ಅಜ್ಜ ಅಜ್ಜಿ ಅಂತಿರ್ತಾರಲ್ಲ, ಹುಡುಗೂರಿಗೆ ಅದರ ಮಾತು ಕೇಳ್ಕೊಂಡು ಬರ್ರಿ ಅಂತ ಹೇಳ್ರಿ. ಭವನದ ನಡುವ ಸೂರ್ಯ ಅಂತ ಒಂದು ಬಲ್ಬ್ ಇಟ್ಟು, ಸುತ್ತ ಗ್ವಾಡಿಗೆ 27 ನಕ್ಷತ್ರದ ಚೀಟಿ ಬಲದಿಂದ ಎಡಕ್ಕ ಸಾಲಾಗಿ ಹಚ್ರಿ. ಒಬ್ಬ ಹುಡುಗಿ ಭೂಮಿ ಆಗಿ ಬಲ್ಬನ್ನ ಎಡಗೈ ಕಡೆ ಇಟ್ಕೊಂಡು ಸುತ್ತಬೇಕು. ನಿಂತು ಬಲ್ಬಿನ ಕಡೆ ನೋಡಿದ್ರ ಅದರ ಹಿಂದ ಯಾವ ಚೀಟಿ ಕಾಣ್ತದೋ ಅದ ಈಗಿನ ಮಳಿ. ಒಂದೊಂದಕ್ಕ ಹದಿಮೂರು ಹದಿನಾಕು ದಿನ. ಆಕಿ ಬೆನ್ನಿನ ಹಿಂದಿನ ಚೀಟಿ ನಡುರಾತ್ರಿ ನೆತ್ತಿ ಕಡೆ ಇರೋದು. ಜೂನ್ 7–8ಕ್ಕ ಮಿರಗ ಕೂಡ್ತದ, ಆದ್ರ ಆ ಚುಕ್ಕಿ ಆಗ ಸೂರ್ಯನ ಬೆಳಕಿನಾಗ ಮುಚ್ಚಿರ್ತದ. ಅದನ್ನ ಸಂಜಿ ಮುಂದ ಮೂಡಲಕ್ಕ ಕಣ್ಣಿಂದ ನೋಡಬೇಕಂದ್ರ ಡಿಸೆಂಬರ್ ತನಕ ಕಾಯಬೇಕು. ನಮ್ಮಲ್ಲಿ ಒಬ್ಬ ರೈತರ ಹುಡುಗ ಡಿಸೆಂಬರ್‌ದಾಗ ಮೂಡಲಕ್ಕ ಬಟ್ಟು ಮಾಡಿ "ಇದ ಮಿರಗೇನ್ರಿ!" ಅಂದಾಗ ನನ್ನ ಕಣ್ಣು ತುಂಬಿದ್ವು.

ನಿಮ್ಮೂರಿಗೆ ಇನ್ನೊಂದು ಭಾಗ್ಯ ಗೋಲಗುಮ್ಮಟ. ಮ್ಯಾಲಿನ ಗುಮ್ಮಟದ ಹೊರಗಿನ ಅಡ್ಡಳತಿ ಸುಮಾರು 44 ಮೀಟರ್. ಅದ ಸೂರ್ಯ ಅಂದ್ರ ಭೂಮಿ 40 ಸೆಂಟಿಮೀಟರ್ ಚೆಂಡು, ಅದೂ 4.7 ಕಿಲೋಮೀಟರ್ ದೂರ! ಚಂದ್ರ ಒಂದು ಬ್ಯಾಲದ ಹಣ್ಣು, ಚೆಂಡಿನಿಂದ ಹನ್ನೆರಡು ಮೀಟರ್‌ನಾಗ. ಗುಮ್ಮಟ ಕಾಣೋಂಥ ಬಯಲಿಗೆ ಚೆಂಡು ಒಯ್ದು ನಿಲ್ಲಸ್ರಿ.

ಒಂದು ಮಾತು ಕಡ್ಡಾಯ: ದುರ್ಬೀನು, ಟೆಲಿಸ್ಕೋಪ್ ಸೂರ್ಯನ ಕಡೆ ತಿರುಗಸಬಾರದು, ಎಕ್ಸ್‌ರೇ ಫಿಲ್ಮ್, ಮಸಿ ಗಾಜು ಹಿಡಿದು ನೋಡೋದೂ ಬ್ಯಾಡ. ಬೇವಿನ ಗಿಡದ ನೆಳ್ಳಾಗ ಬೀಳೋ ದುಂಡನ ಬೆಳಕಿನ ಚುಕ್ಕಿ ಸೂರ್ಯನ ಚಿತ್ರನ, ಅದನ್ನ ತೋರಸ್ರಿ.

ರೊಕ್ಕ ಖರ್ಚು ಮಾಡೋದಾದ್ರ ಒಂದು 10×50 ದುರ್ಬೀನು (ಹತ್ತು ಪಟ್ಟು ದೊಡ್ಡದು ಮಾಡಿ ತೋರಸೋದು, ಮುಂದಿನ ಗಾಜು 50 ಮಿಲಿಮೀಟರ್ ಅಗಲದ್ದು), ಗಟ್ಟಿ ಸ್ಟ್ಯಾಂಡು. ಗುರುವಿನ ನಾಕು ಚಂದ್ರ, ಕೃತ್ತಿಕೆಯ ಗೊಂಚಲು ಕಾಣ್ತಾವ. ಶನಿಯ ಉಂಗುರ ಕಾಣಂಗಿಲ್ಲ, ಅದನ್ನ ಮೊದಲ ಹೇಳಿಬಿಡ್ರಿ. ಪಾಳಿಯಾಗ ನಿಂತವರ ಕೈಯಾಗ ಪೆನ್ಸಿಲ್ ಹಾಳಿ ಕೊಡ್ರಿ, ಟಾರ್ಚಿಗೆ ಕೆಂಪು ಹಾಳಿ ಸುತ್ರಿ. ಹೊರಗಿನ ಕೆಲಸ ಅಕ್ಟೋಬರ್‌ನಿಂದ ಇಟ್ಕೋರಿ, ಮಳಿಗಾಲದಾಗ ಬಲ್ಬು, ಚೀಟಿ ಸಾಕು. ಚೀಟಿ ಸಾಲು ಬೇಕಂದ್ರ ಇಲ್ಲೇ ಕೆಳಗ ಬರೆದು ಹಾಕ್ತೀನಿ.